ಡಿಸ್ಕಿಗೂ ಒಂದು ಪಾಲುಪಟ್ಟಿ

"ರೀ, ಈ ಸಲ ಪಾರ್ಟಿಶನ್ ಮಾಡಿಸದೆ ವಿಧಿಯಿಲ್ಲ" ಎಂದು ನಾನು ಅಂದದ್ದೇ ತಡ, ಇವರಿಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು. ಎರಡು ನಿಮಿಷ ಕೆಮ್ಮಿ ಸುಧಾರಿಸಿಕೊಂಡು, "ಯಾರದ್ದೇ? ಮತ್ತೆ ನಿನ್ನ ತಮ್ಮ ಫೋನ್ ಮಾಡಿದ್ನಾ?" ಎಂದರು.

"ತಮ್ಮ ಫೋನ್ ಮಾಡಿದ್ದೂ ನಿಜ. ಆದರೆ ನಾನು ಹೇಳ್ತಿರೋದು ಲ್ಯಾಪ್‌ಟಾಪಿನ ಪಾರ್ಟಿಶನ್ನು."

"ಓ, ಅದಾ!" ಎಂದವರೇ ಮತ್ತೆ ಪೇಪರಿನ ಹಿಂದೆ ಮರೆಯಾದರು. ನೋಡಿ ಹೇಗಿದೆ! ಮನೆ ಜಮೀನಿನ ಪಾಲಾದರೆ ಕಾಫಿ ನೆತ್ತಿಗೇರುತ್ತದೆ, ಹೆಂಡತಿಯ ಲ್ಯಾಪ್‌ಟಾಪಿನ ಪಾಲಾದರೆ ಪೇಪರಿನ ಮಡಿಕೆ ಕೂಡ ಅಲುಗುವುದಿಲ್ಲ.

ನಮ್ಮದು ಪೀಣ್ಯದಲ್ಲಿ ಒಂದು ಸಣ್ಣ ವರ್ಕ್‌ಷಾಪು. ಎರಡು ಲೇತು, ಒಂದು ಮಿಲ್ಲಿಂಗ್, ಒಂದು ಡ್ರಿಲ್ಲಿಂಗ್. ದೊಡ್ಡ ಕಾರ್ಖಾನೆಗಳವರು ಕೊಟ್ಟ ಡ್ರಾಯಿಂಗಿನ ಪ್ರಕಾರ ಬುಷ್ಷು, ಪಿನ್ನು ಮಾಡಿಕೊಡುವ ಕೆಲಸ. ಕಬ್ಬಿಣದ ಕಡೆ ಇವರದು, ಕಾಗದದ ಕಡೆ ನನ್ನದು. ಬಿಲ್ಲು, ಚಲನ್ನು, ಜಿಎಸ್‌ಟಿ ಎಲ್ಲಾ ನನ್ನ ಲ್ಯಾಪ್‌ಟಾಪಿನಲ್ಲೇ. ನನ್ನದೆಂದರೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಮಗ ಬಳಸಿ ಬಿಟ್ಟದ್ದು. ಅಣ್ಣನ ಅಂಗಿ ತಮ್ಮನಿಗೆ ಬರುತ್ತಿದ್ದ ಕಾಲ ಹೋಯಿತು, ಮಗನ ಲ್ಯಾಪ್‌ಟಾಪು ತಾಯಿಗೆ ಬರುವ ಕಾಲ ಬಂತು.

ಅದರಲ್ಲಿದ್ದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಕಂಪನಿಯವರ ಬೆಂಬಲ ಮುಗಿಯಿತು. ಹೊಸದನ್ನು ಹಾಕೋಣವೆಂದರೆ ಈ ಮುದಿ ಯಂತ್ರಕ್ಕೆ ಅದು ಹಿಡಿಸುವುದಿಲ್ಲವಂತೆ. ದೀಪಾವಳಿಗೆ ಬಂದ ಮಗ, "ಅಮ್ಮಾ, ಎಸೆಯೋದ್ಯಾಕೆ? ಲಿನಕ್ಸ್ ಹಾಕ್ಕೊಡ್ತೀನಿ. ಕಾಸಿಲ್ಲ, ಹಳೇ ಯಂತ್ರಕ್ಕೂ ಹಗುರ. ಮಿಂಟ್ ಅಂತ ಒಂದಿದೆ" ಎಂದ. ಮಿಂಟ್ ಎಂದರೆ ಪುದೀನ ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಚಟ್ನಿ ಮಾಡುವ ಸೊಪ್ಪಿನ ಹೆಸರಿಟ್ಟುಕೊಂಡದ್ದು ಅಷ್ಟೇನೂ ಕೆಟ್ಟದ್ದಿರಲಾರದು ಎಂದು ಒಪ್ಪಿದೆ. ಕನ್ನಡ ಟೈಪು ಮಾಡಲು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ 'ಕಗಪ' ಕೀಲಿಮಣೆಯೂ ಅದರಲ್ಲೇ ಇದೆ ಎಂದ ಮೇಲೆ ನನ್ನ ತಕರಾರು ಪೂರ್ತಿ ಅಡಗಿತು.

ಆದರೆ ಹಬ್ಬದ ಗಡಿಬಿಡಿಯಲ್ಲಿ ಹುಡುಗ ಒಂದು ಎಡವಟ್ಟು ಮಾಡಿದ್ದ. ಡಿಸ್ಕನ್ನು ಅವನೇ ಕೈಯಾರೆ ಪಾಲು ಮಾಡಿದ್ದ. ಯಂತ್ರ ತನ್ನ ಕೆಲಸ ನಡೆಸುವ ಜಾಗಕ್ಕೆ 20 ಜಿಬಿ. ನನ್ನ ಲೆಕ್ಕ, ಫೋಟೋ, ಅಡುಗೆಯ ಬರಹ ಇಡುವ ಜಾಗಕ್ಕೆ ಉಳಿದದ್ದೆಲ್ಲ. ಮೂವತ್ತು ನಲವತ್ತರ ಸೈಟಿನಲ್ಲಿ ನಡುಮನೆಯನ್ನು ಛತ್ರದಷ್ಟು ಕಟ್ಟಿ ಅಡುಗೆಮನೆಗೆ ಒಲೆ ಹಿಡಿಯುವಷ್ಟೇ ಜಾಗ ಬಿಟ್ಟ ಹಾಗೆ! ಗಂಡುಮಕ್ಕಳು ಮನೆಯ ನಕ್ಷೆ ಬರೆದರೆ ಇದೇ ಗತಿ.

ಸಂಕ್ರಾಂತಿಯ ಹೊತ್ತಿಗೆ ಅಡುಗೆಮನೆ ತುಂಬಿತು. ತೆರೆಯ ಮೇಲೆ ಜಾಗ ಸಾಲದು ಎಂಬ ಎಚ್ಚರಿಕೆ ಬಂತು. ಅಪ್‌ಡೇಟು ಅರ್ಧಕ್ಕೆ ನಿಂತಿತು. ಮೊದಲು ಎಲ್ಲ ಗೃಹಿಣಿಯರೂ ಮಾಡುವುದನ್ನೇ ಮಾಡಿದೆ: ಕಸ ಗುಡಿಸಿದೆ. ಟೈಮ್‌ಶಿಫ್ಟ್ ಎಂಬ ಒಂದು ಸಲಕರಣೆ ಯಂತ್ರದ ಹಳೆಯ ಸ್ಥಿತಿಗಳನ್ನೆಲ್ಲ ಪ್ರತಿ ಮಾಡಿ ಅಟ್ಟಕ್ಕೆ ತುಂಬಿಡುತ್ತಿತ್ತು. ಬೇಡದವನ್ನು ತೆಗೆಸಿದೆ. ಹಳೆಯ ಕರ್ನಲ್ಲುಗಳು, ಅಂದರೆ ಯಂತ್ರದ ಬದಲಾದ ಎಂಜಿನ್ನುಗಳು, ಅವೂ ಮೂಲೆಯಲ್ಲಿ ಬಿದ್ದಿದ್ದವು. ತೆಗೆಸಿದೆ. ತಿಂಗಳು ಕಳೆಯಿತು, ಮತ್ತೆ ತುಂಬಿತು. ಗೋಡೆಯನ್ನೇ ಸರಿಸಬೇಕು, ಅಂದರೆ ಹೊಸ ಪಾಲುಪಟ್ಟಿ ಬರೆಯಬೇಕು ಎನ್ನುವುದು ಖಾತ್ರಿಯಾಯಿತು.

ಇಷ್ಟಕ್ಕೇ ಯಾಕೆ ಹೆದರಬೇಕು ಎನ್ನುತ್ತೀರಾ? ಲೆಕ್ಕಪತ್ರ ಹೋದರೆ ಹೋಗಲಿ, ಆಡಿಟರ ಹತ್ತಿರ ಒಂದು ಪ್ರತಿ ಇದೆ. ಆದರೆ ಆ ಲ್ಯಾಪ್‌ಟಾಪಿನಲ್ಲಿ ನಮ್ಮಮ್ಮನ ದನಿ ಇತ್ತು. ಆನೇಕಲ್ ತಾಲ್ಲೂಕಿನ ನನ್ನ ತವರಿನಲ್ಲಿ, ಅಮ್ಮ ಹೋಗುವ ಹಿಂದಿನ ವರ್ಷ, ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ಮಾತಾಡಿದ್ದನ್ನು ನನ್ನ ಫೋನಿನಲ್ಲಿ ಹಿಡಿದಿಟ್ಟಿದ್ದೆ. ಹಿದುಕಿದ ಅವರೆಬೇಳೆ ಸಾರಿಗೆ ಮಸಾಲೆ ಎಷ್ಟು, ಹುರುಳಿ ಬಸ್ಸಾರಿಗೆ ಬೆಳ್ಳುಳ್ಳಿ ಯಾವಾಗ, ಪಕ್ಕದ ಮನೆಯವಳ ಜೊತೆ 1970ರಲ್ಲಿ ಜಗಳವಾಡಿದ್ದು ಯಾತಕ್ಕೆ, ಎಲ್ಲಾ. ಹಿಂದೆ ಕಾಯಿಸಿಪ್ಪೆ ಬೀಳುವ ಪಟಪಟ ಸದ್ದು. ಆ ಫೋನು ಆಮೇಲೆ ನೀರಿಗೆ ಬಿದ್ದು ಹಾಳಾಯಿತು. ಉಳಿದದ್ದು ಲ್ಯಾಪ್‌ಟಾಪಿನಲ್ಲಿದ್ದ ನಲವತ್ತೇಳು ತುಣುಕುಗಳು. ಎಲ್ಲಾ ಆ ಛತ್ರದಂಥ ನಡುಮನೆಯಲ್ಲಿ. ಸರಿಸಬೇಕಾದದ್ದೂ ಅದರ ಗೋಡೆಯನ್ನೇ.

ಗೋಡೆ ಸರಿಸುವ ಆಯುಧ ಯಾವುದು? ಕೇಳಿದ್ದೇ ತಪ್ಪಾಯಿತು. ನಮ್ಮಲ್ಲಿ ನೆಗಡಿಗೆ ಮದ್ದು ಕೇಳಿದರೂ ಮೂವರು ಮೂರು ಹೇಳುತ್ತಾರೆ. ಇದಕ್ಕೂ ಹಾಗೇ ಆಯಿತು.

ಮೊದಲನೆಯ ವೈದ್ಯ ಮಗ. ಫೋನಿನಲ್ಲಿ ಮುಖ ತೋರಿಸಿ, "ಎಫ್‌ಡಿಸ್ಕ್ ಸಾಕಮ್ಮಾ. ಎಲ್ಲಾ ಲಿನಕ್ಸಿನಲ್ಲೂ ಇರತ್ತೆ" ಎಂದ. ಎಫ್‌ಡಿಸ್ಕ್ ಎಂದರೆ ಚಿತ್ರವಿಲ್ಲ, ಗುಂಡಿಯಿಲ್ಲ. ಕಪ್ಪು ತೆರೆ, ಅದರ ಮೇಲೆ ಒಂದೊಂದು ಅಕ್ಷರದ ಅಪ್ಪಣೆ. 'ಪಿ' ಒತ್ತಿದರೆ ಈಗಿರುವ ಪಾಲುಗಳ ಪಟ್ಟಿ ತೋರಿಸುತ್ತದೆ. 'ಎನ್' ಹೊಸ ಪಾಲು. 'ಡಿ' ಇದ್ದ ಪಾಲನ್ನು ಅಳಿಸುವುದು. 'ಕ್ಯೂ' ಏನೂ ಮಾಡದೆ ಎದ್ದು ಬರುವುದು. 'ಡಬ್ಲ್ಯೂ' ಮಾಡಿದ್ದನ್ನೆಲ್ಲ ಡಿಸ್ಕಿನ ಮೇಲೆ ಬರೆದುಬಿಡುವುದು. ಒಂದು ಗುಣ ಮೆಚ್ಚಬೇಕಾದ್ದು. 'ಡಬ್ಲ್ಯೂ' ಒತ್ತುವವರೆಗೂ ಏನು ಕತ್ತರಿಸಿದರೂ ಅದು ಮನಸ್ಸಿನ ಮಂಡಿಗೆ ಅಷ್ಟೆ. ಡಿಸ್ಕು ಇದ್ದ ಹಾಗೇ ಇರುತ್ತದೆ.

"ಆಮೇಲೆ ಜಾಗ ದೊಡ್ಡದು ಮಾಡೋದು ಹೇಗೋ?" ಎಂದೆ.

"ಪಾಲನ್ನ ಡಿಲೀಟ್ ಮಾಡಿ, ಶುರುವಾದ ಜಾಗದಿಂದಲೇ ಮತ್ತೆ ದೊಡ್ಡದಾಗಿ ಬರೀಬೇಕಮ್ಮಾ. ಒಳಗಿರೋ ಸಾಮಾನು ಹಾಗೇ ಇರತ್ತೆ."

ಡಿಲೀಟ್ ಮಾಡಬೇಕಂತೆ, ಸಾಮಾನು ಹಾಗೇ ಇರುತ್ತದಂತೆ! ಗೋಡೆ ಕೆಡವು, ಗಡಿಗೆ ಅಲುಗುವುದಿಲ್ಲ ಎಂದ ಹಾಗಾಯಿತು. ಅವನು ಹೇಳಿದ್ದು ಸುಳ್ಳಲ್ಲ ಎಂದು ಆಮೇಲೆ ತಿಳಿಯಿತು. ಎಫ್‌ಡಿಸ್ಕ್ ಮುಟ್ಟುವುದು ಡಿಸ್ಕಿನ ತಲೆಯಲ್ಲಿರುವ ಪಾಲುಪಟ್ಟಿಯನ್ನು ಮಾತ್ರ. ಪಹಣಿಯಲ್ಲಿ ಗೆರೆ ತಿದ್ದಿದರೆ ಹೊಲದಲ್ಲಿನ ರಾಗಿ ತಾನಾಗಿ ಅಲುಗುವುದಿಲ್ಲವಲ್ಲ, ಹಾಗೆ. ಆದರೆ ಅದರಿಂದಲೇ ನಮ್ಮ ಕೆಲಸ ಆಗುವಂತಿರಲಿಲ್ಲ. ಅಡುಗೆಮನೆಯ ಮುಂದೆ ಖಾಲಿ ಜಾಗ ಇದ್ದಿದ್ದರೆ ಬೇರೆ ಮಾತು. ಅಲ್ಲಿ ಸಾಮಾನು ತುಂಬಿದ ನಡುಮನೆ ಕೂತಿದೆ. ಮೊದಲು ಅಲ್ಲಿನ ಸಾಮಾನು ಆಚೆ ಸರಿಸಬೇಕು, ಆಮೇಲೆ ಗೆರೆ. ಎಫ್‌ಡಿಸ್ಕ್ ಗೆರೆ ಎಳೆಯುತ್ತದೆ, ಸಾಮಾನು ಎತ್ತುವುದಿಲ್ಲ. ಮಗನಿಗೆ ಇದನ್ನು ಹೇಳಿದಾಗ ತಲೆ ಕೆರೆದುಕೊಂಡು, "ಹೌದಲ್ವಾ, ಹೋಮು ಅಡ್ಡ ಬರತ್ತೆ" ಎಂದ. ಅಡ್ಡ ಕಟ್ಟಿದವನು ಯಾರಪ್ಪ ಮಗನೇ?

ಎರಡನೆಯ ವೈದ್ಯ ನಮ್ಮ ಮಹಡಿ ಮನೆಯ ಬಾಡಿಗೆ ಹುಡುಗ. ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಗೆರೆಯಿಂದ ನೇರಳೆ ಗೆರೆಗೆ ಬದಲಾಯಿಸಿ, ಊರಿನ ಈ ತುದಿಯಿಂದ ವೈಟ್‌ಫೀಲ್ಡಿನ ಆ ತುದಿಗೆ ದಿನಾ ಹೋಗಿಬರುವ ಸಹನಾಮೂರ್ತಿ. ಅವನು, "ಆಂಟೀ, ಪಾರ್ಟೆಡ್ ಬಳಸಿ. ನಮ್ಮ ಸರ್ವರುಗಳಿಗೆಲ್ಲ ಅದೇ. ಬರೆದಿಟ್ಟ ಅಪ್ಪಣೆ ಕೊಟ್ಟರೆ ತಾನೇ ಮಾಡ್ಕೊಂಡು ಹೋಗತ್ತೆ" ಎಂದ. ಇದೂ ಕಪ್ಪು ತೆರೆಯದೇ. ಆದರೆ ಸ್ವಭಾವ ಬೇರೆ. ಇದಕ್ಕೆ 'ಡಬ್ಲ್ಯೂ' ಎಂಬ ಕೊನೆಯ ಅಪ್ಪಣೆಯೇ ಇಲ್ಲ. ಹೇಳಿದ ತಕ್ಷಣ ಮಾಡಿಬಿಡುತ್ತದೆ.

ಇದನ್ನು ಕೇಳಿದಾಗ ನನಗೆ ನಮ್ಮ ಚಿಕ್ಕಮಾವನವರ ನೆನಪಾಯಿತು. ಅತ್ತೆಯವರು ಒಮ್ಮೆ, "ಆ ನುಗ್ಗೆಮರ ಸ್ವಲ್ಪ ಕಡೀಬೇಕಪ್ಪ" ಎಂದು ಕೊಂಬೆಯನ್ನು ತೋರಿಸಲು ಹೊರಗೆ ಬರುವಷ್ಟರಲ್ಲಿ ಮರವೇ ನೆಲದ ಮೇಲಿತ್ತು. ಬಹಳ ವಿಧೇಯರು. ಆದರೆ ಅವರಿಗೆ ಕೆಲಸ ಹೇಳುವವರು ಎರಡು ಸಲ ಯೋಚಿಸಿ ಬಾಯಿ ತೆರೆಯಬೇಕು. ಪಾರ್ಟೆಡ್ಡೂ ಅಷ್ಟೇ. ತಿಳಿದವರ ಕೈಯಲ್ಲಿ ಒಳ್ಳೆಯ ಆಳು. ನನ್ನ ಕೈಯಲ್ಲಿ ನುಗ್ಗೆಮರದ ಗತಿ. ಅದೂ ಅಲ್ಲದೆ, 2011ರಲ್ಲಿ ಬಂದ ಅದರ ಮೂರನೆಯ ಆವೃತ್ತಿಯಿಂದ ಒಳಗಿನ ಕಡತಗಳ ವ್ಯವಸ್ಥೆಯನ್ನು ಕುಗ್ಗಿಸಿ ಹಿಗ್ಗಿಸುವ ಕೆಲಸವನ್ನು ಅದು ಬಿಟ್ಟುಬಿಟ್ಟಿದೆಯಂತೆ. ಅಂದರೆ ಇದೂ ಗೆರೆ ಎಳೆಯುವ ಗಿರಾಕಿಯೇ.

ಮೂರನೆಯವಳು ನಾದಿನಿಯ ಮಗಳು. ಅವಳೂ ವೈಟ್‌ಫೀಲ್ಡಿನವಳೇ. ಕಾಲೇಜಿನಲ್ಲಿದ್ದಾಗ ಸ್ವತಂತ್ರ ತಂತ್ರಾಂಶ ಆಂದೋಲನ ಕರ್ನಾಟಕದವರ ಶಿಬಿರಕ್ಕೆ ಹೋಗಿ ಇದನ್ನೆಲ್ಲ ಕಲಿತು ಬಂದವಳು. ಹೇಳಿಕೊಡುವುದರಲ್ಲಿ ಅವಳಿಗೆ ತಾಳ್ಮೆ ಹೆಚ್ಚು. "ಅತ್ತೇ, ನಿಮಗೆ ಜಿಪಾರ್ಟೆಡ್ಡೇ ಸರಿ" ಎಂದಳು. 2004ರಲ್ಲಿ ಮೊದಲು ಬಂದದ್ದಂತೆ. ಒಳಗೆ ಕೆಲಸ ಮಾಡುವುದು ಅದೇ ಪಾರ್ಟೆಡ್ಡಿನ ಸರಕು. ಆದರೆ ಮೇಲೆ ಚಿತ್ರವಿದೆ. ಡಿಸ್ಕನ್ನು ಬಣ್ಣಬಣ್ಣದ ಉದ್ದನೆಯ ಪಟ್ಟಿಯ ಹಾಗೆ ತೋರಿಸುತ್ತದೆ. ಪ್ರತಿ ಪಾಲಿನಲ್ಲೂ ತುಂಬಿದ್ದೆಷ್ಟು, ಖಾಲಿ ಎಷ್ಟು ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಸೀರೆಯ ಸೆರಗು ಹಿಡಿದು ಎಳೆದ ಹಾಗೆ ಪಾಲಿನ ಅಂಚನ್ನು ಹಿಡಿದು ಎಳೆದರಾಯಿತು. ಮುಖ್ಯವಾಗಿ, ಗೆರೆಯನ್ನೂ ಎಳೆಯುತ್ತದೆ, ಸಾಮಾನನ್ನೂ ಸರಿಸುತ್ತದೆ.

"ಇನ್ನೊಂದು ಇದೆ" ಎಂದಳು. "ನೀವು ಎಳೆದದ್ದೆಲ್ಲ ತಕ್ಷಣ ಆಗಲ್ಲ. ಕೆಳಗಡೆ ಒಂದು ಪಟ್ಟಿ ಬರತ್ತೆ. ಇಂಥ ಪಾಲನ್ನು ಇಷ್ಟರಿಂದ ಇಷ್ಟಕ್ಕೆ ಕುಗ್ಗಿಸೋದು, ಇಂಥದನ್ನು ಸರಿಸೋದು ಅಂತ. ಬೇಡ ಅನ್ನಿಸಿದರೆ ಒಂದೊಂದಾಗಿ ಹಿಂದಕ್ಕೆ ತಗೋಬಹುದು. ಹಸಿರು ಗುರುತು ಒತ್ತಿ, ಇನ್ನೊಂದು ಸಲ ಹೌದು ಅಂದರೆ ಮಾತ್ರ ಕತ್ತರಿ ಆಡೋದು."

ಅಷ್ಟು ಹೊತ್ತಿಗೆ ಪೇಪರಿನ ಹಿಂದಿನಿಂದ ಇವರು ಬಾಯಿಬಿಟ್ಟರು. "ಅದನ್ನೇ ತಗೋ. ನಾವು ಲೇತಿಗೆ ಹಾಕೋ ಮುಂಚೆ ಮಾರ್ಕಿಂಗ್ ಮಾಡೋಲ್ವಾ? ಮಾರ್ಕಿಂಗು ಅಳಿಸಬಹುದು, ಕೊರೆದು ತೆಗೆದದ್ದು ಮತ್ತೆ ಅಂಟೋಲ್ಲ." ನಲವತ್ತು ವರ್ಷದ ಸಂಸಾರದಲ್ಲಿ ಇವರು ಹೇಳಿದ್ದನ್ನು ನಾನು ಎದುರಾಡದೆ ಒಪ್ಪಿದ ಕೆಲವೇ ಸಂದರ್ಭಗಳಲ್ಲಿ ಅದೂ ಒಂದು.

ಹಾಗೆಂದು ಒಂದು ಆಯುಧವನ್ನು ಹೊಗಳಿ ಇನ್ನೆರಡನ್ನು ತೆಗಳಲು ನಾನು ಹೊರಟಿಲ್ಲ. ಹಲಸಿನ ಹಣ್ಣಿಗೆ ಮಚ್ಚು, ಹುರುಳಿಕಾಯಿಗೆ ಈಳಿಗೆಮಣೆ, ಸೇಬಿಗೆ ಚಾಕು. ಚಿತ್ರವೇ ಬಾರದ ಸರ್ವರಿಗೆ, ನೂರು ಯಂತ್ರಕ್ಕೆ ಒಂದೇ ಕೆಲಸ ಮಾಡುವವರಿಗೆ ಪಾರ್ಟೆಡ್ಡು. ಖಾಲಿ ಡಿಸ್ಕಿನ ಮೇಲೆ ಸರಸರ ಗೆರೆ ಹಾಕಲು ಎಫ್‌ಡಿಸ್ಕು. ಅದರದೇ ತಂಗಿಯಂಥ ಸಿಎಫ್‌ಡಿಸ್ಕ್ ಇನ್ನೂ ಸುಲಭ. ಬಾಣದ ಕೀಲಿ ಒತ್ತಿ ಆರಿಸುವುದು, ಕೊನೆಗೆ 'ಯೆಸ್' ಎಂದು ಮೂರು ಅಕ್ಷರ ಪೂರ್ತಿ ಬರೆದರೇ ಅದು ಒಪ್ಪುವುದು. ತುಂಬಿದ ಮನೆಯ ಗೋಡೆ ಸರಿಸಲು ಜಿಪಾರ್ಟೆಡ್ಡು.

ಈ ಮಧ್ಯೆ ಹುಡುಗಿ ಇನ್ನೊಂದು ವಿಷಯ ಹೇಳಿದಳು. 1983ರಿಂದ ಬಳಕೆಗೆ ಬಂದ ಹಳೆಯ ಪದ್ಧತಿಯ ಪಾಲುಪಟ್ಟಿಯಲ್ಲಿ ಮುಖ್ಯ ಪಾಲು ನಾಲ್ಕೇ ನಾಲ್ಕು. ಈಗಿನ ಜಿಪಿಟಿ ಎಂಬ ಪದ್ಧತಿಯಲ್ಲಿ ಸಾಮಾನ್ಯವಾಗಿ 128. ನೂರಿಪ್ಪತ್ತೆಂಟು! ನಮ್ಮೂರಿನ ದಾಯಾದಿಗಳಿಗೆಲ್ಲ ಹಂಚಿದರೂ ಒಂದೆರಡು ಉಳಿದಾವು.

ಸರಿ, ತಯಾರಿ ಶುರುವಾಯಿತು. ಮೊದಲ ಕೆಲಸ ಬ್ಯಾಕಪ್ಪು. ಎಸ್.ಪಿ. ರಸ್ತೆಗೆ ಹೋಗಿ ಒಂದು ಟಿಬಿಯ ಹೊರಗಿನ ಡಿಸ್ಕು ತಂದೆವು. ಮಗ ಒಂದು ಶನಿವಾರ ಬಂದು ಅದಕ್ಕೂ ಎರಡು ಪಾಲು ಮಾಡಿದ: ಲೆಕ್ಕಕ್ಕೆ ಸಣ್ಣದು, ಫೋಟೋ, ದನಿಗಳಿಗೆ ದೊಡ್ಡದು. ಅಮ್ಮನ ನಲವತ್ತೇಳು ತುಣುಕೂ ಪ್ರತಿಯಾದವು. ಪ್ರತಿಯಾದರೆ ಸಾಲದು, ತೆಗೆದು ಕೇಳಿ ನೋಡಬೇಕು ಎಂದು ಹುಡುಗಿ ಹೇಳಿದ್ದಳು. ಮೂರು ತುಣುಕು ಕೇಳಿದೆ. ಮೂರನೆಯದರಲ್ಲಿ ಅಮ್ಮ, "ಸಾಕು ನಿಲ್ಸೇ, ಯಾರು ಕೇಳ್ತಾರೆ ಇದನ್ನೆಲ್ಲ" ಅನ್ನುತ್ತಾಳೆ. ಅಲ್ಲಿಗೆ ನಿಲ್ಲಿಸಿದೆ.

ಡಿಸ್ಕಿನ ಅಳತೆಯ ಬಗ್ಗೆಯೂ ಒಂದು ಮಾತು. 500 ಜಿಬಿ ಎಂದು ಹಣ ಕೊಟ್ಟ ಡಿಸ್ಕನ್ನು ಜಿಪಾರ್ಟೆಡ್ಡು 465 ಎಂದು ತೋರಿಸುತ್ತದೆ. ತರಕಾರಿ ಗಾಡಿಯವನ ತಕ್ಕಡಿ ನೆನಪಾಗಿ ನನಗೆ ರೇಗಿತು. ಮೋಸವಲ್ಲವಂತೆ. ಮಾರುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ಯಂತ್ರ 1024ರ ಲೆಕ್ಕದಲ್ಲಿ ಅಳೆಯುತ್ತದೆ. ಹಾಗಾಗಿ ಒಂದು ಟಿಬಿ 931 ಆಗುತ್ತದೆ. ಈ ಲೆಕ್ಕ ಮುಂದೆ ನನ್ನನ್ನು ಕಾಪಾಡಿತು, ನೆನಪಿಟ್ಟುಕೊಳ್ಳಿ.

ಇನ್ನು, ಬಳಕೆಯಲ್ಲಿರುವ ಪಾಲನ್ನು ಕುಗ್ಗಿಸಲು ಬರುವುದಿಲ್ಲ. ಕೂತ ಮಣೆಯನ್ನು ಕೂತವರೇ ಎಳೆಯಲಾದೀತೆ? ಲ್ಯಾಪ್‌ಟಾಪನ್ನು ಅದರ ಡಿಸ್ಕಿನಿಂದ ಎಬ್ಬಿಸದೆ ಪೆನ್‌ಡ್ರೈವಿನಲ್ಲಿ ಹಾಕಿದ ಮಿಂಟಿನಿಂದ ಎಬ್ಬಿಸಬೇಕು. ಆ ಪೆನ್‌ಡ್ರೈವಿನ ಮಿಂಟಿನಲ್ಲೇ ಜಿಪಾರ್ಟೆಡ್ಡೂ ಇರುತ್ತದೆ. ಸಾಮಾನು ಸರಿಸುತ್ತಿರುವಾಗ ಮಧ್ಯೆ ಕರೆಂಟು ಹೋದರೆ ಅರ್ಧ ಅಲ್ಲಿ, ಅರ್ಧ ಇಲ್ಲಿ ಆಗಿ ಎರಡೂ ಕೆಡಬಹುದು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿದೆ. ಅದಕ್ಕೇ ಮನೆಯ ಇನ್ವರ್ಟರಿಗೆ ಜೋಡಿಸಿ, ಫ್ಯಾನು, ಟೀವಿ ಎಲ್ಲ ಆರಿಸಿ ಕೂತೆ. ಭಾನುವಾರ, ಮಧ್ಯಾಹ್ನದ ಊಟ ಮುಗಿದಿತ್ತು. ಮಕ್ಕಳು ಯಾರೂ ಇರಲಿಲ್ಲ. ಬೇಕೆಂದೇ ಕರೆದಿರಲಿಲ್ಲ. ನನ್ನ ಅಡುಗೆಮನೆಯ ಗೋಡೆ ನಾನೇ ಸರಿಸಬೇಕೆಂಬ ಹಟ.

ಬಣ್ಣದ ಪಟ್ಟಿ ಬಂತು. ಎಡಕ್ಕೆ ಸಣ್ಣ ಪಾಲು, ಬಲಕ್ಕೆ ದೊಡ್ಡ ಪಾಲು. ದೊಡ್ಡದರ ಎಡ ಅಂಚನ್ನು ಬಲಕ್ಕೆ ಎಳೆದೆ. ಖಾಲಿಯಾದ ಜಾಗವನ್ನು ಸಣ್ಣದಕ್ಕೆ ಸೇರಿಸಿದೆ. ಕೆಳಗೆ ಪಟ್ಟಿ ಸಿದ್ಧವಾಯಿತು. ಎಷ್ಟು ಸುಲಭ! ಬಾಣದ ಗುರುತು ಹಸಿರು ಗುರುತಿನ ಮೇಲೆ ಹೋಗಿ ನಿಂತಿತ್ತು. ಬೆರಳು ಇಳಿಯುವುದೊಂದೇ ಬಾಕಿ. ಹುಡುಗಿ ಹೇಳಿದ್ದ ಇನ್ನೊಂದು ಮಾತು ನೆನಪಾಯಿತು: ಪಟ್ಟಿಯನ್ನು ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ, ಕೇಳುವವರಿಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲ.

ಓದಿದೆ. "ಎಸ್‌ಡಿಸಿ ಎರಡನ್ನು 881ರಿಂದ 851ಕ್ಕೆ ಕುಗ್ಗಿಸುವುದು..."

ಆರಾಮ ಕುರ್ಚಿಯಿಂದ ಇವರು ಕಣ್ಣು ಮುಚ್ಚಿಕೊಂಡೇ, "ಅಲ್ಲಾ ಕಣೇ, ಐನೂರರ ಡಿಸ್ಕಿನಲ್ಲಿ ಎಂಟುನೂರಾ ಎಂಬತ್ತೊಂದರ ನಡುಮನೆ ಹೇಗೇ ಬಂತು?" ಎಂದರು.

ನನ್ನ ಎದೆ ಧಸಕ್ಕೆಂದಿತು. ಮೂರು ಡಿಸ್ಕು ಚುಚ್ಚಿದ್ದೆ. ಎಸ್‌ಡಿಎ ಲ್ಯಾಪ್‌ಟಾಪಿನದು. ಎಸ್‌ಡಿಬಿ ಪೆನ್‌ಡ್ರೈವು. ಎಸ್‌ಡಿಸಿ ಅಮ್ಮನ ದನಿಯ ಪ್ರತಿ ಇದ್ದ ಬ್ಯಾಕಪ್ಪು! ಬಲ ಮೇಲ್ಮೂಲೆಯಲ್ಲಿ ಯಾವ ಡಿಸ್ಕು ಎಂದು ಆರಿಸುವ ಜಾಗವಿದೆ. ಅಲ್ಲಿ ಯಾವಾಗಲೋ ಕೈತಪ್ಪಿ ಬ್ಯಾಕಪ್ಪನ್ನೇ ಆರಿಸಿಬಿಟ್ಟಿದ್ದೆ. ಅದರಲ್ಲೂ ಎಡಕ್ಕೆ ಸಣ್ಣದು, ಬಲಕ್ಕೆ ದೊಡ್ಡದು. ಅವಳಿ ಮಕ್ಕಳ ಹಾಗೆ. ಲ್ಯಾಪ್‌ಟಾಪಿನ ಡಿಸ್ಕಿನಲ್ಲಿ ಯಂತ್ರ ಏಳಲು ಬೇಕಾದ ಕೂದಲೆಳೆಯಷ್ಟು ಇನ್ನೊಂದು ಪಾಲು ಮೊದಲಲ್ಲಿರುತ್ತದೆ. ಅದು ಇಲ್ಲದ್ದನ್ನು ನನ್ನ ಕನ್ನಡಕ ಗಮನಿಸಲಿಲ್ಲ. ಒತ್ತಿದ್ದರೆ ಎಲ್ಲ ಹೋಗಿಯೇಬಿಡುತ್ತಿತ್ತು ಎನ್ನಲಾರೆ. ಆದರೆ ಆಪತ್ತಿಗೆಂದು ಎತ್ತಿಟ್ಟ ಪ್ರತಿಯನ್ನೇ ಮೊದಲು ಕತ್ತರಿಯ ಬಾಯಿಗೆ ಕೊಡುತ್ತಿದ್ದೆ.

ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡೆ. ಒಂದು, ಎರಡು. ಪಟ್ಟಿ ಖಾಲಿ. ಡಿಸ್ಕಿಗೆ ಏನೂ ಆಗಿರಲಿಲ್ಲ. ಆದರೂ ಕೈ ನಡುಗುತ್ತಿತ್ತು. ಒಂದು ಲೋಟ ನೀರು ಕುಡಿದು ಸುಮ್ಮನೆ ಕೂತೆ.

ಕೂತಾಗ ನೆನಪಾದದ್ದು 2007. ಆಗಲೂ ನನ್ನ ಮುಂದೆ ಒಂದು ಪಟ್ಟಿ ಇತ್ತು. ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚು. ಪಕ್ಕದಲ್ಲಿ ತಮ್ಮಂದಿರು. ನಾನು ಹುಡುಗಿಯಾಗಿದ್ದಾಗ ರಾಗಿ, ಹುರುಳಿ ಬೆಳೆಯುತ್ತಿದ್ದ ಸೀಮೆ ಅದು. 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಕಿಯೋನಿಕ್ಸಿನವರು ಎಲೆಕ್ಟ್ರಾನಿಕ್ ಸಿಟಿ ಶುರು ಮಾಡಿದಾಗ, ಈ ಕಲ್ಲುನೆಲಕ್ಕೆ ಯಾರು ಬರುತ್ತಾರೆ ಎಂದು ನಮ್ಮಪ್ಪ ನಕ್ಕಿದ್ದರು. 2007ರ ಹೊತ್ತಿಗೆ ಆನೇಕಲ್ಲಿನ ಕಡೆಗೂ ಚಿನ್ನದ ಬೆಲೆ ಹತ್ತಿತ್ತು. "ಅಕ್ಕಾ, ಸುಮ್ಮನೆ ಒಂದು ಸೈನು. ಹೆಣ್ಣುಮಕ್ಕಳದ್ದೂ ಒಂದು ಇರಬೇಕಂತೆ" ಎಂದರು. ಯಾಕೆ ಇರಬೇಕು ಎಂದು ನಾನು ಕೇಳಲಿಲ್ಲ. 1994ರಲ್ಲಿ ನಮ್ಮ ರಾಜ್ಯದ ಕಾನೂನು ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಾಗ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ನಾನು 1984ರಲ್ಲಿ ಮದುವೆಯಾದವಳು. ಆದರೆ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆದುಹಾಕಿತ್ತು. ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಪಾಲು. ಆ ಸೈನು ಬೇಕಾಗಿದ್ದದ್ದೇ ಅದಕ್ಕೆ. ಇದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಯಾರದೋ ಮನೆಯ ಗೃಹಪ್ರವೇಶದಲ್ಲಿ, ಮಾತಿಗೆ ಮಾತು ಬಂದಾಗ.

ಏಳು ಕಡೆ ಸೈನು ಹಾಕಿದೆ. ಹಕ್ಕು ಬಿಡುಗಡೆ ಪತ್ರವನ್ನು ಯಾರೂ ನನಗೆ ಗಟ್ಟಿಯಾಗಿ ಓದಿ ಹೇಳಲಿಲ್ಲ. ನಾನೂ ಓದಲಿಲ್ಲ. ಓದಿದ್ದರೂ ಸೈನು ಹಾಕುತ್ತಿದ್ದೆನೋ ಏನೋ, ತಮ್ಮಂದಿರು ಕಷ್ಟದಲ್ಲೇ ಇದ್ದರು. ಆದರೆ ಏನು ಕೊಡುತ್ತಿದ್ದೇನೆ ಎಂದು ತಿಳಿದು ಕೊಡುವುದು ಬೇರೆ, ತಿಳಿಯದೆ ಕೈಬಿಡುವುದು ಬೇರೆ. ಮನೆಗೆ ಬರುವಾಗ ಒಂದು ಸೀರೆ ಕೊಟ್ಟರು. ಹಸಿರು ಅಂಚಿನದು. ಅಮ್ಮ ಬಾಗಿಲಲ್ಲಿ ನಿಂತಿದ್ದಳು, ಏನೂ ಮಾತಾಡಲಿಲ್ಲ.

"ಏನೇ, ಆಗ್ಲಿಲ್ವಾ?" ಎಂದು ಇವರು ಎದ್ದು ಬಂದು ಪಕ್ಕದಲ್ಲಿ ಕೂತರು.

ಮೊದಲು ಬ್ಯಾಕಪ್ ಡಿಸ್ಕನ್ನು ಕಿತ್ತು ಬೀರುವಿನಲ್ಲಿಟ್ಟೆ. ಇದನ್ನು ಮೊದಲೇ ಮಾಡಬೇಕಿತ್ತು. ನೀವು ಮಾಡುವುದಾದರೆ ಪ್ರತಿ ತೆಗೆದಾದ ಕೂಡಲೆ ಮಾಡಿ. ಆಮೇಲೆ ಎಸ್‌ಡಿಎ ಆರಿಸಿ, 465 ಎಂಬ ಅಂಕಿ ನೋಡಿಕೊಂಡು, ಎಲ್ಲ ಮತ್ತೆ ಎಳೆದೆ. ನಡುಮನೆಗೆ 30 ಕಡಿಮೆ, ಅಡುಗೆಮನೆಗೆ 30 ಹೆಚ್ಚು. ಇವರು ಕನ್ನಡಕ ಹಾಕಿಕೊಂಡು ಡ್ರಾಯಿಂಗ್ ಓದುವ ಹಾಗೆ ಪಟ್ಟಿಯನ್ನು ಎರಡು ಸಲ ಓದಿದರು. ಆಮೇಲೆ ಹಸಿರು ಗುರುತು ಒತ್ತಿದೆ. ಪ್ರತಿ ತೆಗೆದಿಟ್ಟುಕೊಂಡಿದ್ದೀರಾ, ದತ್ತಾಂಶ ಹೋದೀತು ಎಂದು ಅದೇ ಇನ್ನೊಮ್ಮೆ ಎಚ್ಚರಿಸಿತು. ಎಂಥ ಸಂಭಾವಿತ! ಹೌದೆಂದೆ.

ನಾಲ್ಕೂವರೆ ಗಂಟೆ ಹಿಡಿಯಿತು. ಪಾಲಿನ ಮೊದಲ ಅಂಚನ್ನು ಸರಿಸಿದರೆ ಒಳಗಿನ ಸಾಮಾನನ್ನೆಲ್ಲ ಅದು ಎತ್ತಿ ಆಚೆಗೆ ಜೋಡಿಸಬೇಕಲ್ಲ, ಅದಕ್ಕೇ ಅಷ್ಟು ಹೊತ್ತು. ನಡುವೆ ಇಪ್ಪತ್ತು ನಿಮಿಷ ಕರೆಂಟೂ ಹೋಯಿತು. ಇನ್ವರ್ಟರ್ ಗುಂಯ್‌ಗುಟ್ಟುತ್ತಿತ್ತು, ಇಬ್ಬರೂ ಸೆಖೆಯಲ್ಲಿ ಬೀಸಣಿಗೆ ಹಿಡಿದು ಕೂತಿದ್ದೆವು, ಹೆರಿಗೆ ಕೋಣೆಯ ಹೊರಗೆ ಕೂತವರ ಹಾಗೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಲ್ಲ ಸಾಂಗವಾಗಿ ಮುಗಿದದ್ದಾಗಿ ತೆರೆಯ ಮೇಲೆ ಬಂತು. ಪೆನ್‌ಡ್ರೈವು ತೆಗೆದು ಯಂತ್ರವನ್ನು ಅದರ ಪಾಡಿಗೆ ಎಬ್ಬಿಸಿದೆ. ಎದ್ದಿತು. ಅಡುಗೆಮನೆಯಲ್ಲಿ ಜಾಗವೋ ಜಾಗ. ಅಮ್ಮನ ತುಣುಕು ಹಾಕಿದೆ. ಕಾಯಿಸಿಪ್ಪೆಯ ಪಟಪಟ ಸದ್ದು ಬಂತು.

ನಿಮ್ಮಲ್ಲಿ ಯಾರಿಗಾದರೂ ಇಂಥ ಕೆಲಸ ಬಂದರೆ ಹೆದರಬೇಡಿ. ಮಕ್ಕಳು ಹೇಳುವ ದೊಡ್ಡ ಹೆಸರುಗಳಿಗೆ ಬೆದರಿ ದೂರ ಸರಿಯಲೂ ಬೇಡಿ. ಆಯುಧ ಯಾವುದೇ ಆಗಲಿ, ಎರಡು ಪ್ರಶ್ನೆ ಕೇಳಿ: ನಾನು ಹೇಳಿದ್ದನ್ನು ನೀನು ತಕ್ಷಣ ಮಾಡುತ್ತೀಯೋ, ಕೊನೆಯ ಮಾತಿಗೆ ಕಾಯುತ್ತೀಯೋ? ಬರೀ ಗೆರೆ ಎಳೆಯುತ್ತೀಯೋ, ಸಾಮಾನೂ ಎತ್ತಿಡುತ್ತೀಯೋ? ಇನ್ನು, ಪ್ರತಿ ತೆಗೆಯದೆ ಯಾವ ಆಯುಧವನ್ನೂ ನಂಬಬೇಡಿ.

ಆ ರಾತ್ರಿಯೇ ತಮ್ಮ ಮತ್ತೆ ಫೋನ್ ಮಾಡಿದ. ಅಮ್ಮನ ಹೆಸರಿನಲ್ಲಿ ಒಂದು ಸೈಟು ಉಳಿದಿದೆಯಲ್ಲ, ಅದರ ವಿಷಯ. "ಅಕ್ಕಾ, ಸುಮ್ಮನೆ ಒಂದು ಸೈನು ಬೇಕಿತ್ತು. ಬುಧವಾರ ಬರ್ತೀಯಾ?" ಎಂದ.

ಅಮ್ಮನ ಹೆಸರಿನ ಆಸ್ತಿಗೆ ಗಂಡು ಹೆಣ್ಣು ಎಂಬ ಭೇದವಿಲ್ಲದೆ ಮಕ್ಕಳೆಲ್ಲ ಸಮ ಎಂಬುದು ಈಗ ನನಗೆ ಗೊತ್ತು. ಅವನ ಮೇಲೆ ನನಗೆ ಸಿಟ್ಟೇನೂ ಬರಲಿಲ್ಲ. ದನಿಯೂ ಏರಲಿಲ್ಲ.

"ಬರ್ತೀನಪ್ಪ, ಬರದೆ ಏನು? ಆದರೆ ಮೊದಲು ಕಾಗದ ಕಳಿಸು. ನಿಮ್ಮ ಭಾವನಿಗೆ ಒಂದು ಸಲ ಗಟ್ಟಿಯಾಗಿ ಓದಿ ಹೇಳ್ಬೇಕು" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಈ ಕಡೆ ಇವರು ಪೇಪರನ್ನು ಕೆಳಗಿಳಿಸಿ ನನ್ನ ಮುಖ ನೋಡಿದರು. ಆಮೇಲೆ ಎದ್ದು ಹೋಗಿ, ಈ ಜನ್ಮದಲ್ಲಿ ನಾನು ಕಾಣುವುದಿಲ್ಲವೆಂದುಕೊಂಡಿದ್ದ ಒಂದು ಕೆಲಸ ಮಾಡಿದರು. ಕಾಫಿಗೆ ಹಾಲು ಇಟ್ಟರು. ಉಕ್ಕಿಸಿಯೂ ಬಿಟ್ಟರು ಎನ್ನಿ!